ಎರಡನೇ ಪೊಟ್ಟಣದ ರೊಟ್ಟಿ

ರೈಲು ಚಿತ್ತಾಪುರ ಮುಟ್ಟುವಷ್ಟರಲ್ಲಿ ಸಿದ್ದಲಿಂಗೇಶ ಡಬ್ಬಿಯಲ್ಲಿ ಕೂತವರನ್ನೆಲ್ಲ ವಿಂಗಡಿಸಿ ಮುಗಿಸಿದ್ದ. ಬೇಕೆಂದು ಮಾಡುವ ಕೆಲಸವಲ್ಲ. ವರ್ಷಗಟ್ಟಲೆ ಮಾರ್ಕೆಟಿಂಗ್ ಕ್ಲಾಸಿನಲ್ಲಿ ಗಿರಾಕಿಗಳನ್ನು ವಿಂಗಡಿಸುವ ಪಾಠ ಹೇಳಿ ಕಣ್ಣಿಗೆ ಅಂಟಿಕೊಂಡ ಚಟ. ಕಿಟಕಿಯ ಪಕ್ಕ ತೂಕಡಿಸುತ್ತಿದ್ದ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸಗಾರ, ಬೆಲೆ ನೋಡಿ ಕೊಳ್ಳುವವನು. ಎದುರಿನ ಸೀಟಿನ ನರ್ಸಮ್ಮ, ನೆರೆಯವರು ಏನು ಕೊಂಡರೆಂದು ನೋಡಿ ಕೊಳ್ಳುವವಳು. ಬಿಳಿ ಪೈಜಾಮದ ಮುದುಕ, ಒಮ್ಮೆ ನಂಬಿದ ಅಂಗಡಿಯನ್ನು ಸಾಯುವ ತನಕ ಬಿಡದವನು. ಬಾಗಿಲ ಬಳಿ ನಿಂತ ಕಾಲೇಜು ಹುಡುಗಿಯರ ಗುಂಪಿಗೆ ಬಂದಾಗ ಮಾತ್ರ ಅವನ ಕಣ್ಣು ಜಾರಿ ಹೊರಗೆ ಹೋಯಿತು. ಆ ಗುಂಪಿನಲ್ಲಿ ಕರುಣಾ ನಿಂತಿದ್ದಳು. ಅವಳೂ ವಾಡಿಯವಳೇ. ಅವನು ಪಾಠ ಹೇಳುವ ಸೇಡಂ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಇಬ್ಬರೂ ದಿನವೂ ಇದೇ ರೈಲಿಗೆ ಹತ್ತುತ್ತಾರೆ, ಒಂದೇ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ, ಒಂದೇ ರಸ್ತೆಯಲ್ಲಿ ಅಂತರ ಬಿಟ್ಟು ನಡೆಯುತ್ತಾರೆ. ಕಾಲೇಜಿನ ಗೇಟು ದಾಟಿದ ಮೇಲೆ ಅವಳು, ಆಗಷ್ಟೇ ಕಂಡವಳ ಹಾಗೆ, ನಮಸ್ಕಾರ ಸರ್ ಅನ್ನುತ್ತಾಳೆ. ಅದುವರೆಗಿನ ದಾರಿಯೆಲ್ಲ ಅವರಿಬ್ಬರ ಮಟ್ಟಿಗೆ ನಡೆದೇ ಇಲ್ಲ.

ಇವತ್ತು ಪ್ರಾಜೆಕ್ಟುಗಳನ್ನು ಮಂಡಿಸುವ ದಿನ. ಪ್ರತಿ ಗುಂಪೂ ಈ ಸೀಮೆಯ ಒಂದು ವಸ್ತುವನ್ನು ಆರಿಸಿಕೊಂಡು, ಅದನ್ನು ಯಾರಿಗೆ ಮಾರಬೇಕು, ಯಾವ ಹೆಸರಿನಲ್ಲಿ ಮಾರಬೇಕು ಎಂದು ಹೇಳಬೇಕು. ತೀರ್ಪು ಹೇಳಲು ಬರುವವರು ಆಡಳಿತ ಮಂಡಳಿಯ ರೇವಣಪ್ಪನವರು. ಸೇಡಂನಲ್ಲೂ ಚಿಂಚೋಳಿಯಲ್ಲೂ ಅವರ ದೊಡ್ಡ ಕಿರಾಣಿ ಅಂಗಡಿಗಳಿವೆ. ಚೆನ್ನಾಗಿ ಮಾಡಿದ ಗುಂಪಿನ ಮಾಲನ್ನು ಅಲ್ಲಿ ಇಡಿಸುತ್ತೇನೆಂದು ಮಾತು ಕೊಟ್ಟಿದ್ದರು. ಬೇರೆ ಗುಂಪುಗಳಿಗೆ ಅದು ಬರೀ ಮಾತು. ಕರುಣಾಳಿಗೆ ಹಾಗಲ್ಲ. ಅವಳ ತಾಯಿ ಯಂಕಮ್ಮ ವಾಡಿಯ ಭೀಮನಗರದಲ್ಲಿ ಓಣಿಯ ಹೆಂಗಸರನ್ನು ಸೇರಿಸಿಕೊಂಡು ಖಡಕ್ ಜೋಳದ ರೊಟ್ಟಿ ಮಾಡುತ್ತಾಳೆ. ಆ ರೊಟ್ಟಿ ಶಹಾಬಾದದ ಖಾನಾವಳಿಯೊಂದಕ್ಕೆ ಹೋಗುತ್ತದೆ. "ಹಿತ್ತಲ ಬಾಗಿಲಿಂದ ತಗೋತಾರ್ರಿ, ತಾಟಿನ್ಯಾಗ ಅವರದೇ ರೊಟ್ಟಿ ಆಗ್ತಾವ," ಎಂದು ಕರುಣಾ ಒಮ್ಮೆ ಹೇಳಿದ್ದಳು. ದೂರುವ ದನಿ ಇರಲಿಲ್ಲ. ಮಾಲು ಹಂಚುವ ದಾರಿಗಳ ಪಾಠ ನಡೆದಿತ್ತು, ಉದಾಹರಣೆ ಕೊಡಿ ಎಂದು ಅವನೇ ಕೇಳಿದ್ದ.

ರೈಲು ಕಾಗಿಣಾ ಹೊಳೆಯ ಕಡೆಗೆ ಇಳಿಯಿತು. ಹಳಿಯ ಪಕ್ಕದ ಜಾಲಿ ಗಿಡಗಳ ಮೇಲೆ ಸಿಮೆಂಟಿನ ಬಿಳಿ ಪುಡಿ ಕೂತಿತ್ತು. ಸ್ಟಾಫ್ ರೂಮಿನ ಮೇಜಿನ ಮೇಲೆ ಕರುಣಾ ಪೊಟ್ಟಣದ ಮಾದರಿ ಇಟ್ಟ ದಿನವೂ ಹೀಗೇ ಬಿಳಿ ಬಿಸಿಲು. ಪೊಟ್ಟಣದ ಮೇಲೆ ದೊಡ್ಡ ಅಕ್ಷರದಲ್ಲಿ 'ಯಂಕಮ್ಮನ ರೊಟ್ಟಿ' ಎಂದಿತ್ತು. ಕೆಳಗೆ ತಲೆಯ ಮೇಲೆ ಸೆರಗು ಹೊದ್ದ ತಾಯಿಯ ಫೋಟೋ, ಅದರ ಕೆಳಗೆ ವಿಳಾಸ: ಭೀಮನಗರ, ವಾಡಿ. ಅವನು ವಿಳಾಸವನ್ನು ಮೊದಲು ಓದಿದ. ಆಮೇಲೆ ಹೆಸರು ಓದಿದ.

"ರೊಟ್ಟಿ ಬಗ್ಗೆ ತಕರಾರಿಲ್ಲ," ಎಂದ. "ಹೆಸರು ಜರಾ ವಿಚಾರ ಮಾಡು. ಎಲ್ಲಾ ಸೆಗ್ಮೆಂಟಿಗೂ ಒಪ್ಪುವಂಥದ್ದು ಇರಲಿ. ಫೋಟೋ ಬ್ಯಾಡ. ವಿಳಾಸ ಹಾಕಲೇಬೇಕು, ಕಾಯ್ದೆ ಅದ. ಆದರ ಹಿಂದಿನ ಬಾಜು ಹಾಕು, ಸಣ್ಣ ಅಕ್ಷರದಾಗ."

"ಯಾಕ್ರಿ ಸರ್?"

"ಗಿರಾಕಿ ಮನಸ್ಸಿನ್ಯಾಗ ನಮ್ಮ ಮಾಲ್ ಎಲ್ಲಿ ಕೂಡ್ತದ ಅನ್ನೋದು ಮುಖ್ಯ. ಅದೇ ಪೊಜಿಷನಿಂಗ್."

"ನಮ್ಮದು ಎಲ್ಲಿ ಕೂಡ್ತದ್ರಿ?"

ಅವನು ಪೆನ್ನಿನ ಕ್ಯಾಪ್ ತೆಗೆದು ಮತ್ತೆ ಹಾಕಿದ. ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು; ಗೊತ್ತಿರುವುದನ್ನು ಅವನ ಬಾಯಿಂದಲೇ ಕೇಳಬೇಕೆಂದು ಅವಳು ನಿಂತಿದ್ದಳು. ವರ್ಷದ ಮೊದಲ ತಿಂಗಳಲ್ಲಿ, ಮಾರುಕಟ್ಟೆಯನ್ನು ವಿಂಗಡಿಸುವ ಆಧಾರಗಳನ್ನು ಅವನು ಹಲಗೆಯ ಮೇಲೆ ಬರೆಯುತ್ತಿದ್ದಾಗ — ಊರು, ವಯಸ್ಸು, ಆದಾಯ, ಬದುಕುವ ರೀತಿ — ಹಿಂದಿನ ಬೆಂಚಿನ ಚನ್ನು ಎದ್ದು, "ಸರ್, ಜಾತಿ?" ಎಂದು ಕೇಳಿದ್ದ. "ಸಿಲೆಬಸ್‌ನಾಗ ಇಲ್ಲ," ಎಂದಿದ್ದ ಸಿದ್ದಲಿಂಗೇಶ. ಕ್ಲಾಸು ಗೊಳ್ಳೆಂದು ನಕ್ಕಿತ್ತು, ಅವನೂ ನಕ್ಕಿದ್ದ. ಕರುಣಾ ನಕ್ಕಿದ್ದಳೋ ಇಲ್ಲವೋ ಅವನು ನೋಡಿರಲಿಲ್ಲ. ಪ್ರತಿ ವರ್ಷ ಬಸವ ಜಯಂತಿಯ ದಿನ ಕಾಲೇಜಿನಲ್ಲಿ ಮಾತನಾಡುವವನು ಅವನೇ. ಚೆನ್ನಾಗಿ ಮಾತಾಡುತ್ತಾನೆ ಎಂಬ ಹೆಸರಿದೆ. ಕಲ್ಯಾಣದ ಶರಣರು ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಹೇಳುವಾಗ ಅವನ ಗಂಟಲು ನಿಜವಾಗಿಯೇ ಬಿಗಿಯುತ್ತದೆ. ಆ ಬಿಗಿತ ಸುಳ್ಳಲ್ಲವೆಂದು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ.

ಸೇಡಂ ಬಂತು. ಅವನು ಇಳಿದ, ಅವಳು ಇಳಿದಳು. ಗೇಟಿನ ಹತ್ತಿರ ನಮಸ್ಕಾರ ಸರ್ ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಇರಬಹುದೆಂದು ಅವನು ಹುಡುಕಿದ್ದಕ್ಕೆ ತನ್ನ ಮೇಲೆಯೇ ಸಣ್ಣಗೆ ಸಿಟ್ಟು ಬಂತು. ಪೊಟ್ಟಣ ಬದಲಿಸಲು ಹೇಳಿದ್ದನ್ನು ಅವಳು ಕೇಳಿರಲಿಲ್ಲ ಎಂದೇ ಅವನ ಲೆಕ್ಕ. ಯಾಕೆಂದರೆ ಕಳೆದ ವಾರ ಅವಳ ಗುಂಪಿನ ಅದ್ನಾನ್ ಸ್ಟಾಫ್ ರೂಮಿಗೆ ಎರಡು ತಾಟು ಹಿಡಿದುಕೊಂಡು ಬಂದಾಗ, ಎರಡನೆಯ ತಾಟಿನ ಪಕ್ಕದಲ್ಲಿ ಅದೇ ಹಳೆಯ ಪೊಟ್ಟಣವಿತ್ತು, ಫೋಟೋ ಸಮೇತ, ಭೀಮನಗರ ಸಮೇತ. ಮೊದಲನೆಯದರ ಪಕ್ಕದಲ್ಲಿ 'ಶರಣೆ ರೊಟ್ಟಿ' ಎಂಬ ಹೊಸ ಪೊಟ್ಟಣ. ಮುಂದೆ ಹಣತೆಯ ಚಿತ್ರ, ಹಿಂದೆ ಓದಲಾಗದಷ್ಟು ಸಣ್ಣ ಅಕ್ಷರದ ಎರಡು ಸಾಲು. ಅವನು ಓದಲು ಹೋಗಲಿಲ್ಲ. ಹೋಲಿಸಿ ನೋಡಲು ಬೇರೆ ಯಾರದೋ ಮಾಲು ತಂದಿದ್ದಾರೆ ಅಂದುಕೊಂಡ. "ಸರ್, ಎರಡೂ ತಿಂದು ನೋಡಿ ಹೆಂಗವ ಹೇಳ್ರಿ, ನಾ ಬರ್ಕೋತೀನಿ. ಯಾರ ಹೆಸರೂ ಹಾಕಾಂಗಿಲ್ರಿ," ಎಂದಿದ್ದ ಅದ್ನಾನ್. ಇಂಗ್ಲಿಷ್ ಪಾಠದ ಸುರೇಶಕುಮಾರ ಮೊದಲನೆಯ ತಾಟಿನಿಂದ ಒಂದು ಚೂರು ಮುರಿದು ತಿಂದು, ಎರಡನೆಯದಕ್ಕೆ ಕೈಯೊಡ್ಡದೆ, ಹಲ್ಲು ನೋವೆಂದು ದವಡೆ ಹಿಡಿದುಕೊಂಡ. ಅದನ್ನು ನೋಡಿದ ಸಿದ್ದಲಿಂಗೇಶನಿಗೆ ಅಸಹ್ಯವಾಯಿತು. ಅವನು ಮೊದಲನೆಯದರ ರುಚಿ ನೋಡಿ, ಬೇಕೆಂದೇ ಎರಡನೆಯ ತಾಟಿನಿಂದ ದೊಡ್ಡ ಚೂರು ಮುರಿದ, ಎಲ್ಲರಿಗೂ ಕಾಣುವ ಹಾಗೆ ಅಗಿದ, ಇನ್ನೊಂದು ಚೂರನ್ನೂ ತೆಗೆದುಕೊಂಡ. ಆಮೇಲೆ ಅಭಿಪ್ರಾಯ ಹೇಳುವಾಗ ದಾಕ್ಷಿಣ್ಯ ಮಾಡಬಾರದು, ದಾಕ್ಷಿಣ್ಯವೂ ಒಂದು ತರಹದ ಅವಮಾನವೇ ಅನ್ನಿಸಿ, ನಾಲಿಗೆಗೆ ಹತ್ತಿದ್ದನ್ನೇ ಹೇಳಿದ: "ಮೊದಲನೇದು ಹಗುರ ಅದ, ಗರಿಗರಿ ಅದ. ಎರಡನೇದು ಬಿರುಸು. ಒಂದಿಷ್ಟು ಮುಗ್ಗಲು ವಾಸನಿ ಬರ್ತದ." ಅದ್ನಾನ್ ಬರೆದುಕೊಂಡ. ಪ್ರಾಮಾಣಿಕವಾಗಿ ನಡೆದುಕೊಂಡ ಸಮಾಧಾನ ಅವತ್ತು ಸಂಜೆಯವರೆಗೂ ಅವನಲ್ಲಿ ಉಳಿದಿತ್ತು.

ರೇವಣಪ್ಪನವರು ಹಣೆಗೆ ವಿಭೂತಿ ಹಚ್ಚಿ, ತಲೆಗೆ ಬಿಳಿ ಟೊಪ್ಪಿಗೆ ಹಾಕಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಕೆಟ್ಟ ಮನುಷ್ಯರಲ್ಲ. ಹುಡುಗರು ತಡವರಿಸಿದಾಗ "ಹೇಳಪಾ, ಗಾಬರಿ ಆಗಬ್ಯಾಡ" ಎಂದು ಧೈರ್ಯ ಕೊಡುತ್ತಿದ್ದರು. ಚನ್ನುವಿನ ಗುಂಪು ತೊಗರಿಬೇಳೆ ತಂದಿತ್ತು. ಅಜ್ಜಿಯ ಕೈರುಚಿ, ಗಡಿಗೆಯ ಚಿತ್ರ, ಎಲ್ಲವೂ ಎಲ್ಲೋ ನೋಡಿದಂತಿದ್ದು ಯಾರಿಗೂ ಬೇಸರವಾಗದಂತಿತ್ತು. ಆಮೇಲೆ ಕರುಣಾ ಬಂದಳು. ಅವಳ ಗುಂಪಿನ ಭಾಗ್ಯಶ್ರೀ ಎಲ್ಲರಿಗೂ ಚೂರು ರೊಟ್ಟಿ, ಶೇಂಗಾ ಚಟ್ನಿ ಹಂಚಿದಳು. 'ಶರಣೆ' ಪೊಟ್ಟಣ ಪರದೆಯ ಮೇಲೆ ಮೂಡಿತು. ರೇವಣಪ್ಪನವರು ಅಗಿಯುತ್ತ ತಲೆದೂಗಿದರು. "ಹೆಸರು ಭಾಳ ಚಲೋ ಇಟ್ಟೀರಿ. ರೊಟ್ಟಿನೂ ಹೆಸರಿಗೆ ತಕ್ಕಂಗ ಅದ."

ಸಿದ್ದಲಿಂಗೇಶ ಈಗ ಆ ಪೊಟ್ಟಣ ಅವಳದೇ ಎಂದು ತಿಳಿದು ಬೆಚ್ಚಿದ. ಬೆಚ್ಚಿದ್ದು ಇನ್ನೂ ಅರ್ಧ ಮಾತ್ರ. ಕರುಣಾ ಮುಂದಿನ ಚಿತ್ರ ಹಾಕಿದಳು. ಎರಡು ಪೊಟ್ಟಣ ಅಕ್ಕಪಕ್ಕ.

"ಪರೀಕ್ಷೆ ಮಾಡುವಾಗ ಒಂದೇ ಅಂಶ ಬದಲಾಗಬೇಕು, ಉಳಿದದ್ದೆಲ್ಲ ಒಂದೇ ಇರಬೇಕು ಅಂತ ಸರ್ ಕಲಿಸ್ಯಾರ್ರಿ," ಎಂದಳು, ಅಚ್ಚುಕಟ್ಟಾಗಿ, ಪಾಠ ಒಪ್ಪಿಸುವ ಹಾಗೆ. "ನಾವು ಪಾಕೀಟ ಅಷ್ಟೇ ಬದಲು ಮಾಡಿದ್ವಿ, ಹೆಸರು, ಚಿತ್ರ, ವಿಳಾಸದ ಅಕ್ಷರ. ಒಳಗಿನ ರೊಟ್ಟಿ ಎರಡರಾಗೂ ಒಂದೇ. ಒಂದೇ ಮುಂಜಾನಿ, ಒಂದೇ ಹಂಚಿನ ಮ್ಯಾಲ ನಮ್ಮವ್ವ ಮಾಡಿದ್ದು. ಸೇಡಂ, ಚಿತ್ತಾಪುರ, ವಾಡಿ ಒಳಗ ಮನಿ ಮನಿಗೆ ಕೊಟ್ವಿ, ಕಾಲೇಜಿನ್ಯಾಗೂ ಕೊಟ್ವಿ. ಭಾಳ ಮಂದಿ ಎರಡನೇ ಪಾಕೀಟ ಮುಟ್ಟಲೇ ಇಲ್ಲ. ಮುಟ್ಟಿದವರಾಗ ಹೆಚ್ಚಿನವರು ಮೊದಲನೇದೇ ರುಚಿ ಅಂದ್ರು. ಅವರ ಮಾತು ಅವರು ಹೇಳಿದಂಗೇ ಇಲ್ಲಿ ಹಾಕೀವಿ."

ಪರದೆಯ ಮೇಲೆ ಮಾತುಗಳು ಬಂದವು. ಸಪ್ಪಗಿದೆ. ದಪ್ಪ ಆಯ್ತು. ಮುಗ್ಗಲು ವಾಸನಿ ಬರ್ತದ.

ಹೆಸರಿರಲಿಲ್ಲ. ಅವಳು ಅವನ ಕಡೆ ನೋಡಲೂ ಇಲ್ಲ. ಸಿದ್ದಲಿಂಗೇಶ ತನ್ನ ಬಾಯೊಳಗೆ ನಾಲಿಗೆಯನ್ನು ಅಲುಗಿಸಿದ. ಆ ವಾಸನೆ ಅವನಿಗೆ ಈಗಲೂ ನೆನಪಿತ್ತು. ಮಳೆಗಾಲದ ಚೀಲದ ಹಿಟ್ಟಿನ ವಾಸನೆ, ಸ್ಪಷ್ಟವಾಗಿ, ಸಂಶಯಕ್ಕೆ ಎಡೆಯಿಲ್ಲದಂತೆ. ಸುರೇಶಕುಮಾರ ಸುಳ್ಳು ಹೇಳಿದ್ದ, ಹೇಳುವಾಗ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ತಾನು ನಿಜ ಹೇಳಿದ್ದ. ಇಲ್ಲದ ವಾಸನೆ ತನಗೆ ನಿಜವಾಗಿ ಬಂದಿತ್ತು. ಹಾಗಾದರೆ ಇದುವರೆಗೆ ಬಂದ ಇನ್ನೆಷ್ಟು ವಾಸನೆಗಳು, ಎಂದು ಶುರುವಾದ ಯೋಚನೆಯನ್ನು ಅವನು ಅಲ್ಲಿಗೇ ನಿಲ್ಲಿಸಿದ.

ರೇವಣಪ್ಪನವರ ಬಾಯಲ್ಲಿ ಇನ್ನೂ ರೊಟ್ಟಿಯಿತ್ತು. ಅವರು ಅದನ್ನು ನಿಧಾನಕ್ಕೆ ನುಂಗಿ, ನೀರು ಕುಡಿದು, ನಕ್ಕರು. "ಶಾಣ್ಯಾ ಇದ್ದೀಯವ್ವ. ನಮ್ಮನ್ನೂ ಪರೀಕ್ಷಾಕ್ಕ ಕೂಡ್ಸಿದಿ. ಇರಲಿ. ಮಾಲ್ ಚಲೋ ಅದ, ನಾ ಇಡ್ತೀನಿ. ಆದರ ಮೊದಲನೇ ಪಾಕೀಟ. ಇನ್ನೊಂದು ಬ್ಯಾಡ." ಆಮೇಲೆ ತಿರುಗಿದರು. "ಸಿದ್ದಲಿಂಗೇಶ ಸರ್, ನೀವೇನಂತೀರಿ? ಬರಾಬರ್ ಅದನೋ ಇಲ್ಲೋ?"

ಎಲ್ಲರೂ ನೋಡಿದರು. ಈಗ ಅವಳೂ ನೋಡಿದಳು. ಅವನಿಗೆ ಹೇಳಲು ಒಂದೆರಡು ವಾಕ್ಯಗಳು ಸಿಕ್ಕವು, ಬಸವ ಜಯಂತಿಯ ವಾಕ್ಯಗಳಂಥವು. ಅವು ಗಂಟಲಿಗೆ ಬರುವ ಮುಂಚೆ ಪಾಠದ ವಾಕ್ಯ ಬಂತು. "ಡಾಟಾ ಹಂಗೇ ಹೇಳ್ತದ್ರಿ," ಎಂದ.

"ಆ ಹೆಸರಿನ್ಯಾಗ ನಾವು ಕೊಡಾಂಗಿಲ್ರಿ," ಎಂದಳು ಕರುಣಾ.

"ಯಾಕವ್ವ?"

"ಹಿತ್ತಲ ಬಾಗಿಲಿಂದ ಈಗಾಗಲೇ ಕೊಡಲಿಕತ್ತೀವ್ರಿ. ಮತ್ತೊಂದು ಯಾಕ ಬೇಕು?"

ರೇವಣಪ್ಪನವರು ಸಿಟ್ಟಾಗಲಿಲ್ಲ. "ನಿನ್ನ ಮರ್ಜಿ. ನನಗ ಯಾವ ಭೇದಾನೂ ಇಲ್ಲ, ಈಗ ತಿಂದ್ನಲ್ಲ. ಗಿರಾಕಿ ಮುಟ್ಟಲಾರದ ಮಾಲ್ ಇಟ್ಕೊಂಡು ದುಕಾನ ಹೆಂಗ ನಡಸಲಿ ಹೇಳು," ಎಂದರು. ಮಾತು ಸರಳವಾಗಿತ್ತು, ಸಮಂಜಸವಾಗಿ ಕೇಳಿಸಿತು. ಬಹುಮಾನ ತೊಗರಿಬೇಳೆಗೆ ಹೋಯಿತು. ಸಿದ್ದಲಿಂಗೇಶ ಕರುಣಾಳ ಗುಂಪಿಗೆ ಎಲ್ಲರಿಗಿಂತ ಹೆಚ್ಚು ಅಂಕ ಹಾಕಿದ. ಹಾಕುವಾಗ ಅದು ಎಷ್ಟು ಸುಲಭವೆಂದು ಅನ್ನಿಸಿ ಕೈ ಒಂದು ಕ್ಷಣ ನಿಂತಿತು, ಆಮೇಲೆ ಸಹಿ ಮಾಡಿದ.

ಸಂಜೆಯ ರೈಲಿನಲ್ಲಿ ಅವನು ಯಾರನ್ನೂ ನೋಡದೆ ಕಣ್ಣು ಮುಚ್ಚಿ ಕೂತ. ಮಳಖೇಡ ದಾಟಿರಬೇಕು, "ಸರ್" ಎಂಬ ದನಿ ಹತ್ತಿರದಲ್ಲೇ ಕೇಳಿಸಿತು. ರೈಲಿನಲ್ಲಿ ಅವಳು ಅವನ ಸೀಟಿನ ತನಕ ಬಂದದ್ದು ಇದೇ ಮೊದಲು.

"ನಮ್ಮವ್ವ ನಿಮ್ಮನ್ನ ಕರೀಲಿಕತ್ತಾಳ್ರಿ. ವಾಡಿಯಾಗ ಇಳಿದು ಮನಿ ತನ ಬರ್ತೀರೇನ್ರಿ? ಏನೋ ಕೇಳಬೇಕಂತ."

"ಏನು ಕೇಳ್ತಾರ?"

ಕರುಣಾ ಕಂಬಿ ಹಿಡಿದು ನಿಂತಿದ್ದಳು. "ಬಿರುಸಾಗ್ಯಾವ, ಮುಗ್ಗಲು ಬರ್ತದ ಅಂತ ಮಂದಿ ಅಂದದ್ದು ನಾವು ಮಾತಾಡೋದು ಕೇಳಿಸ್ಕೊಂಡಾಳ್ರಿ. ತನ್ನ ರೊಟ್ಟಿದೇ ತಪ್ಪು ಅಂತ ತಿಳಕೊಂಡಾಳ. ಅವತ್ತಿಂದ ಜ್ವಾಳ ಬದಲು ಮಾಡ್ತಾಳ, ಗಿರಣಿ ಬದಲು ಮಾಡ್ತಾಳ, ದಿನಾ ಒಂದೊಂದು ನಮೂನಿ ಬಡಿದು ನೋಡ್ತಾಳ. ಎರಡೂ ಪಾಕೀಟನಾಗ ಒಂದೇ ಇತ್ತವ್ವ ಅಂದ್ರ ನಂಬಾಂಗಿಲ್ಲ. ಮಗಳು ಸಮಾಧಾನಕ್ಕ ಹೇಳ್ತಾಳ ಅಂತಾಳ. ನೀವು ಹೇಳ್ರಿ."

ಬರುವುದಿಲ್ಲ ಎನ್ನಲು ಕಾರಣಗಳು ಬೇಕಾದಷ್ಟಿದ್ದವು. ಮನೆಯಲ್ಲಿ ತಾಯಿಗೆ ಗುಳಿಗೆ ತರಬೇಕಿತ್ತು, ಹೆಂಡತಿ ಶೈಲಶ್ರೀ ಕಾಯುತ್ತಿರುತ್ತಾಳೆ. ಅವನು ಹೂಂ ಎಂದ. ವಾಡಿ ಸ್ಟೇಷನ್ನಿನಿಂದ ಅವಳು ಮುಂದೆ, ಅವನು ಹಿಂದೆ. ಇದೇ ಊರಿನಲ್ಲಿ ಹುಟ್ಟಿದವನು, ಭೀಮನಗರದ ತಿರುವಿನ ಆಚೆ ಕಾಲಿಟ್ಟದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಚುನಾವಣೆ ಡ್ಯೂಟಿಯ ಮೇಲೆ ಒಮ್ಮೆ ಬಂದಿದ್ದ, ಜೀಪಿನಲ್ಲಿ.

ಮನೆ ಸಣ್ಣದು, ಶಹಾಬಾದ ಕಲ್ಲಿನ ನೆಲ, ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್. ಒಳಗೆ ಒಲೆಯ ಮುಂದೆ ಮಹಾದೇವಮ್ಮ ಎಂಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ಯಂಕಮ್ಮ ಎದ್ದು, ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಕುಂದ್ರಿ ಸರ್, ಕುಂದ್ರಿ," ಎಂದಳು. ಫೋಟೋದಲ್ಲಿ ಇದ್ದದ್ದಕ್ಕಿಂತ ವಯಸ್ಸು ಕಡಿಮೆ ಕಾಣುತ್ತಿತ್ತು. ಅವನಿಗೆ ಅವಳನ್ನು ಏನೆಂದು ಕರೆಯಬೇಕೆಂದು ತಿಳಿಯಲಿಲ್ಲ. ಯಂಕಮ್ಮ ಎಂದರೆ ಮೇಲಿನಿಂದ ಕರೆದಂತೆ, ಯವ್ವಾ ಎಂದರೆ ನಾಟಕದಂತೆ. ಏನೂ ಕರೆಯದೆ ಕೂತ.

ಅವಳು ಒಂದು ತಾಟಿನಲ್ಲಿ ಮೂರು ಕಡೆ ಚೂರುಗಳನ್ನು ಬೇರೆ ಬೇರೆ ಇಟ್ಟು ತಂದಳು. "ಇದು ಐನಾಪುರದಿಂದ ತಂದ ಜ್ವಾಳದ್ದು ನೋಡ್ರಿ. ಇದು ಹೊಸ ಗಿರಣಿ ಹಿಟ್ಟು, ಹಳೇ ಗಿರಣಿಯಾಗ ಮಂದಿ ಏನೇನೋ ಬೀಸಸ್ತಾರ, ಅದರ ವಾಸನಿ ಹತ್ತಿರಬೇಕು ಅಂತ ಬಿಟ್ಟೆ. ಇದಕ್ಕ ಎಸರು ಜಾಸ್ತಿ ಕಾಯಿಸಿ ಹಾಕೀನಿ. ನೀವು ಅವತ್ತು ತಿಂದೀರಂತ. ಈಗ ತಿಂದು ಹೇಳ್ರಿ, ಆ ಮುಗ್ಗಲು ಹೋಗ್ಯಾದೇನು?"

ಅವಳು ಅವನ ಬಾಯಿಯನ್ನೇ ನೋಡುತ್ತ ನಿಂತಳು. ಕರುಣಾ ಬಾಗಿಲಿಗೆ ಒರಗಿದ್ದಳು. ಸಿದ್ದಲಿಂಗೇಶ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡ, ಮುಟ್ಟಲಿಲ್ಲ.

"ಎರಡೂ ಪಾಕೀಟನಾಗ ನಿಮ್ಮ ರೊಟ್ಟಿನೇ ಇದ್ವು," ಎಂದ.

"ಇಕೀನೂ ಹಂಗೇ ಅಂತಾಳ್ರಿ. ಮುಗ್ಗಲು ಅಂದವರು ಸುಮ್ಮನ ಅಂದಿರ್ತಾರೇನು?"

"ಮುಗ್ಗಲು ಅಂದಾಂವ ನಾನೇ."

ಒಲೆಯ ಮುಂದಿನ ಬಡಿತ ನಿಂತಿತು. ಯಂಕಮ್ಮ ತಲೆಯ ಮೇಲಿನ ಸೆರಗನ್ನು ಸರಿ ಮಾಡಿಕೊಂಡಳು.

"ಅದೇ ರೊಟ್ಟಿ ಮೊದಲನೇ ಪಾಕೀಟನಾಗ ತಿಂದಾಗ ಹಗುರ ಅದ ಅಂದೆ. ಎರಡನೇದರ ಮ್ಯಾಲ ನಿಮ್ಮ ಹೆಸರು, ಓಣಿ ಓದಿದ್ದೆ. ಓದಿ ತಿಂದೆ. ಮುಗ್ಗಲು ಬಂತು."

"ಸುಳ್ಳ ಹೇಳಿದ್ರೇನು?"

"ಇಲ್ಲ. ಖರೇನೇ ಹಂಗ ಹತ್ತಿತು."

ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವನು ತಲೆ ತಗ್ಗಿಸಲು ಸಿದ್ಧನಾಗಿದ್ದ. ಅವಳು ಹಿಟ್ಟಿನ ಡಬ್ಬಿಯ ಕಡೆ ನೋಡಿ, ಮತ್ತೆ ಅವನನ್ನು ನೋಡಿ, ಏನನ್ನೋ ಕೂಡಿಸಿ ಕಳೆದು ಮುಗಿಸಿದವಳ ಹಾಗೆ ಉಸಿರು ಬಿಟ್ಟಳು.

"ಹಂಗಾದ್ರ ಹಿಟ್ಟಿಂದೇನೂ ತಪ್ಪಿಲ್ಲ," ಎಂದಳು. ಒಳಗೆ ತಿರುಗಿ, "ಮಾದೇವಮ್ಮ, ನಾಳಿ ಜ್ವಾಳ ಹಳೇ ಗಿರಣಿಗೇ ಒಯ್ಯಿ. ಅಷ್ಟು ದೂರ ಸುಮ್ಮನ ತಿರುಗಿದ್ವಿ," ಎಂದು ಕೂಗಿದಳು.

ಅವನು ಆಗ ಒಂದು ಚೂರನ್ನು ಎತ್ತಿಕೊಂಡ. ಈಗ ತಿನ್ನಬೇಕು ಅನ್ನಿಸಿತು, ಬಹಳ ತಿನ್ನಬೇಕು ಅನ್ನಿಸಿತು. ಯಂಕಮ್ಮ ಬಗ್ಗಿ ತಾಟನ್ನು ಎತ್ತಿಕೊಂಡಳು. "ಬ್ಯಾಡ್ರಿ ಸರ್, ಇವು ತಿನಬ್ಯಾಡ್ರಿ. ಚಲೋ ಇದ್ದದ್ದನ್ನ ತಿದ್ದಲಿಕ್ಕ ಹೋಗಿ ಕೆಡಿಸೀನಿ," ಎಂದು, ಅವನ ಕೈಯಲ್ಲಿದ್ದ ಚೂರಿಗಾಗಿಯೂ ತಾಟು ಚಾಚಿದಳು. ಅವನು ಅದನ್ನು ಹಾಕಿದ. ಚಹಾ ಕೊಟ್ಟಳು, ಕುಡಿದ. ಒಲೆಯ ಮುಂದೆ ಮಹಾದೇವಮ್ಮ ಮತ್ತೆ ಬಡಿಯತೊಡಗಿದ್ದಳು.

ಕರುಣಾ ಓಣಿಯ ಬಾಯಿಯ ತನಕ ಬಂದಳು. ಗೂಡ್ಸ್ ಗಾಡಿಯೊಂದು ದಾಟಿ ಹೋಯಿತು. ತಾನು ಹೇಳಬೇಕಾದದ್ದು ಹೇಳಿಯಾಯಿತು, ಮೈ ಸ್ವಲ್ಪ ಹಗುರಾಗುತ್ತಿದೆ ಎಂದು ಅವನಿಗೆ ಅನ್ನಿಸಿದ್ದು ನಿಜ.

"ನೀವಂದ ಕೂಡಲೇ ನಂಬಿದಳ್ರಿ," ಎಂದಳು ಕರುಣಾ, ಹಳಿಯ ಕಡೆ ನೋಡುತ್ತ. "ಅದೇ ಮಾತು ನಾನು ವಾರದಿಂದ ಹೇಳಲಿಕತ್ತೀನಿ. ನನ್ನ ಬಾಯಾಗ ಅದು ಅಕೀಗೆ ಸುಳ್ಳಿನಂಗ ಹತ್ತಿತ್ತು."

ಅವಳು ಅವನ ಉತ್ತರಕ್ಕೆ ನಿಲ್ಲಲಿಲ್ಲ. ಮನೆಗೆ ಹಿಂತಿರುಗಿ, ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದುಕೊಂಡು, ತಾಯಿಯ ಪಕ್ಕದಲ್ಲಿ ಕೂತು ಹಿಟ್ಟು ನಾದತೊಡಗಿದಳು.